ಹೆಚ್ಚೈತಿ ಅಂದ ಖಾನಾವಳಿ

ಕುಂತವರು ಹತ್ರ ಸರೀರಿ, ನಿಂತವರು ಕುಂಡ್ರಿ. ಒಂದಾನೊಂದು ಕಾಲದಾಗ ಒಂದು ನಾಡಿತ್ತು. ಅದರ ಹೆಸರು ಕೇಳಬ್ಯಾಡ್ರಿ, ಈ ಕಥಿ ನನಗ ಹೇಳಿದಾಕಿಗೂ ಗೊತ್ತಿರಲಿಲ್ಲ.

ಆ ನಾಡಾಗ ದುರಗವ್ವ, ಯಮನಪ್ಪ ಅಂತ ಅಕ್ಕ ತಮ್ಮ. ತಂದಿ ತಾಯಿ ಇಲ್ಲದ ಮಕ್ಕಳು. ಅಕ್ಕ ಕೂಲಿ ಮಾಡಿ ಹಿಡಿ ಅಕ್ಕಿ ತರಾಕಿ, ಕುದಿಸಾಕಿ. ಅನ್ನ ತಮ್ಮಗ, ಗಂಜಿ ತನಗ.

"ನೀ ಯಾಕ ಅನ್ನ ಉಣ್ಣಂಗಿಲ್ಲಕ್ಕ?" ಅಂತ ತಮ್ಮ ಕೇಳಾಂವ.

"ನೀ ದೊಡ್ಡಾಂವ ಆಗು. ನಿನ್ನ ಒಲಿ ಮ್ಯಾಲಿನ ಅನ್ನ ಉಣ್ತೀನಿ" ಅನ್ನಾಕಿ.

ಮುಂದ ಆಕಿನ್ನ ಹೊಳಿ ಆಚೆ ಊರಿಗೆ ಕೊಟ್ರು. ಯಮನಪ್ಪ ಒಂದು ಛತ್ರ ಸೇರಿದ. ಪಾತ್ರಿ ತಿಕ್ಕಿದ, ಕಾಯಿಪಲ್ಲೆ ಹೆಚ್ಚಿದ, ಕಡೀಕ ಒಲಿ ಮುಂದ ನಿಂತ. ಅಲ್ಲಿಯ ಅಡಿಗಿ ಮುದುಕ ಅವಗ ತನ್ನ ಕೈಗುಣ ಕಲಿಸಿದ, ಒಂದು ಮಾತೂ ಕಲಿಸಿದ. ಅಡಿಗಿಮನ್ಯಾಗ 'ಇಲ್ಲ' ಅನ್ನಬಾರದು, 'ತೀರ್ತು' ಅನ್ನಬಾರದು. ಲಕ್ಷ್ಮಿ ಸಿಟ್ಟಾಗ್ತಾಳ. ಅಕ್ಕಿ ತೀರಿದ್ರ 'ಹೆಚ್ಚ್ಯಾವ' ಅನ್ನು, ಅನ್ನ ತೀರಿದ್ರ 'ಹೆಚ್ಚೈತಿ' ಅನ್ನು. ನಿಮ್ಮ ಮನಿ ಹಿರೇರೂ ಹಿಂಗ ಅಂತಿದ್ದಿರಬೇಕು, ಹೌದಲ್ಲೊ?

ಆಮ್ಯಾಲ ಮೂರು ದಾರಿ ಕೂಡೋ ಜಾಗದಾಗ ಯಮನಪ್ಪ ತನ್ನದ ಒಂದು ಖಾನಾವಳಿ ಇಟ್ಟ. ಗಾಡಿ ಹೊಡಿಯೋರು ಬಂದ್ರು, ವ್ಯಾಪಾರದವರು ಬಂದ್ರು, ಕುದುರಿ ಮ್ಯಾಲಿನ ದೊಡ್ಡ ಮಂದಿ ಬಂದ್ರು. ಮಗ ಮಾನಿಂಗ ಬಡಸಾಂವ, ಸೊಸಿ ರೊಟ್ಟಿ ಬಡಿಯಾಕಿ. ಯಮನಪ್ಪ ಹಿತ್ತಲದ ಒಲಿ ಬಿಟ್ಟು ಏಳಾಂವಲ್ಲ. ಆ ಮನ್ಯಾಗೂ ಅದ ಮಾತು, 'ಹೆಚ್ಚೈತಿ'. ದಿನಾ ಉಣ್ಣೋ ಮಂದಿ ಅದನ್ನ ಕೇಳಿ ಎದ್ದು ಹೋಗೋರು.

ಅಕ್ಕನ್ನ ಮರತಿದ್ದನೇನು? ಇಲ್ಲ. ಹೊಳಿ ದಾಟೋ ಗಾಡಿಯವರ ಕೂಡ 'ಬಂದು ಉಂಡು ಹೋಗಕ್ಕ' ಅಂತ ಹೇಳಿ ಕಳಿಸಿದ. ಒಮ್ಮೆ ಕಳಿಸಿದ, ಎರಡು ಸಲ ಕಳಿಸಿದ, ಮೂರು ಸಲ ಕಳಿಸಿದ. ತಾನ ಹೋಗಿ ಕರದನೇನು? ಅದೂ ಇಲ್ಲ. ಒಲಿ ಬಿಟ್ಟು ಹ್ಯಾಂಗ ಬರಲಿ ಅಂದ. ಆಕಿ ಗಂಡ ಹಾಸಿಗಿ ಹಿಡದಿದ್ದ, ಆಕಿ ಹ್ಯಾಂಗ ಬರಬೇಕು? ಹಿಂಗ ಇಬ್ಬರ ತಲಿನೂ ಬೆಳ್ಳಗಾತು.

ಗಂಡ ತೀರಿಕೊಂಡ ಮ್ಯಾಲ ದುರಗವ್ವ ಒಬ್ಬಾಕಿನ ಹೊಂಟ್ಲು. ಹೊಳಿ ದಾಟಿದ್ಲು, ಬಿಸಿಲಾಗ ನಡದ್ಲು, ಊಟದ ಗದ್ದಲ ಇಳಿಯೋ ಹೊತ್ತಿಗೆ ಖಾನಾವಳಿ ಕಟ್ಟಿ ಮುಟ್ಟಿದ್ಲು. ತಾ ಇಂಥಾಕಿ ಅಂತ ಹೇಳಲಿಲ್ಲ. ಮೊದಲ ಉಣ್ಣೂಣು, ಆಮ್ಯಾಲ ತಮ್ಮನ್ನ ಕರೀಸಿ ಅವನ ಮಾರಿ ನೋಡೂಣು ಅನ್ನೋ ಆಸೆ ಮುದುಕಿಗೆ.

"ಅನ್ನ ಐತೇನಪ್ಪಾ?"

ಮಾನಿಂಗ ಅತ್ತಿನ್ನ ಎಂದೂ ಕಂಡಾಂವಲ್ಲ. "ಹೆಚ್ಚೈತಿಬೇ" ಅಂದ.

ಹೊಳಿ ಆಚೆ ಮಂದಿಗೆ ಆ ರೂಢಿ ಇಲ್ಲ, ಕೇಳ್ರಿ. ಅಲ್ಲೆ ಹೆಚ್ಚೈತಿ ಅಂದ್ರ ಬೇಕಾದಷ್ಟೈತಿ ಅಂತನ ಅರ್ಥ. ಹಿರೇರಿಲ್ಲದ ಮನ್ಯಾಗ ಬೆಳದ ದುರಗವ್ವಗ ಈಚೆ ರೂಢಿ ಯಾರೂ ಕಲಿಸಿರಲಿಲ್ಲ. ತಮ್ಮನ ಮನ್ಯಾಗ ಬೇಕಾದಷ್ಟೈತಿ ಅಂತ ಮುದುಕಿ ಹಿಗ್ಗಿದ್ಲು. ಕಟ್ಟಿ ಮ್ಯಾಲ ಕುಂತ್ಲು. ಒಂದು ತಾಸಾತು. ಸೊಸಿ ಕಸಾ ಹೊಡಿಯಾಕ ಬಂದ್ಲು.

"ಅನ್ನ ಐತೇನವ್ವಾ?"

"ಹೆಚ್ಚೈತಿ ಅಂತ ಆಗಲೇ ಹೇಳ್ಯಾರಲ್ಲಬೇ" ಅಂದು ಆಕಿ ಒಳಗ ಹೋದ್ಲು.

ಇನ್ನೊಂದು ತಾಸಾತು. ಮನಿ ಮಂದಿ ತಮಗಂತ ತಗದಿಟ್ಟ ರೊಟ್ಟಿ ಹಚ್ಚಿಕೊಂಡು ಉಣ್ಣಾಕ ಕುಂತ್ರು. ಮುದುಕಿ ಬಾಗಲದಾಗ ನಿಂತು ಮೂರನೇ ಸಲ ಕೇಳಿದ್ಲು. ಬಾಯಾಗಿನ ತುತ್ತು ನುಂಗಿ ಮಾನಿಂಗ ಅದ ಮಾತಂದ. ಆಕಿ ಮತ್ತೊಂದು ತಾಸು ಕುಂತ್ಲು, ಆಮ್ಯಾಲ ಬೇಕಾದಷ್ಟಿದ್ದೂ ನೀಡಲಿಲ್ಲಂತ ಎದ್ದು ಹೋದ್ಲು. ಅಲ್ಲಿಂದ ಇಪ್ಪತ್ತು ಹೆಜ್ಜಿ ಒಳಗ ಯಮನಪ್ಪ ನಾಳಿನ ಬ್ಯಾಳಿ ಹಸನ ಮಾಡಕೋತ ಕುಂತಿದ್ದ.

ಸಂಜಿಮುಂದ ಮಾನಿಂಗ ನಕ್ಕೋತ ಹೇಳಿದ: "ಅಪ್ಪಾ, ಹೊಳಿ ಆಚೆ ಮಾತಿನ ಮುದುಕಿ ಒಬ್ಬಾಕಿ ಬಂದಿದ್ಲು. ಎಷ್ಟು ಸಲ ಹೆಚ್ಚೈತಿ ಅಂದ್ರೂ ಏಳವಲ್ಲಳು. ಎಡಗೈ ತುಂಬ ಸುಟ್ಟ ಕಲಿ."

ಅಕ್ಕನ ಆ ಕೈ ಸುಟ್ಟಿದ್ದು ಸಣ್ಣಾಂವಿದ್ದ ಯಮನಪ್ಪನ ಅನ್ನದ ಗಂಜಿ ಬಸಿಯೋ ಮುಂದ.

ಬೆಳಕು ಹರಿಯೂದರಾಗ ಅಂವ ಬುತ್ತಿ ಕಟ್ಟಿಕೊಂಡ, ಹುಟ್ಟಿದ ಮ್ಯಾಲ ಮೊದಲನೇ ಸಲ ಹೊಳಿ ದಾಟಿದ. ಅಕ್ಕನ ಕಾಲು ಹಿಡಕೊಂಡು ಮಾತಿನ ಮರ್ಮ ಎಲ್ಲಾ ಬಿಡಿಸಿ ಹೇಳಿದ. ಆಕಿ ಪೂರಾ ಕೇಳಿದ್ಲು.

"ತಿಳೀತಪ್ಪಾ. ನಿಮ್ಮ ಮಾತು ನನಗ ಗೊತ್ತಿರಲಿಲ್ಲ, ಅದು ನನ್ನ ತಪ್ಪು. ಆದ್ರ ಮೂರು ತಾಸು ಕುಂತಿದ್ದೆ, ತಮ್ಮಾ. ಯಾವೂರಾಕಿ, ಹಸದೀ ಏನು ಅಂತ ನಿಮ್ಮ ಮನ್ಯಾಗ ಒಬ್ಬರೂ ಕೇಳಲಿಲ್ಲ. ಅದಕ್ಕೂ ನಿಮ್ಮಲ್ಲೆ ಬ್ಯಾರೆ ಅರ್ಥ ಐತೇನು?"

ಆಕಿ ಎದ್ದು ಗಂಗಾಳ ಹಾಕಿದ್ಲು, ತನ್ನ ಗಡಿಗ್ಯಾಗಿನ ನುಚ್ಚು ನೀಡಿದ್ಲು, ಮಜ್ಜಿಗಿ ಸುರದ್ಲು. ಅಂವ ತಲಿ ತಗ್ಗಿಸಿ ಉಂಡ. ಅವನ ಬುತ್ತಿಯ ಗಂಟು ಆಕಿ ಬಿಚ್ಚಲಿಲ್ಲ. ಕಟ್ಟಿದ್ದು ಕಟ್ಟಿದಂಗ ಅವನ ಕೈಯಾಗ ಕೊಟ್ಟು ಕಳಿಸಿದ್ಲು. ಮುಂದ ಆಕಿ ಬಾಳ ದಿನ ಉಳಿಲಿಲ್ಲ.

ಅವರ ಕಥಿ ಅಲ್ಲಿಗೆ, ನನ್ನ ಮಾತು ಇಲ್ಲಿಗೆ. ಏಳ್ರಿ, ಮನಿಗೆ ನಡೀರಿ. ನಿಮ್ಮ ಕಟ್ಟಿ ಮ್ಯಾಲ ಯಾರರ ಕುಂತಾರೇನು ನೋಡಿಕೊಂಡು ಬಾಗಲಾ ಹಾಕ್ರಿ.