ಬೀಗ ಹಾಕಿದ ಮನೆಯ ಊಟ

೧೯೬೬ರ ಬೇಸಿಗೆ. ಶಿಡ್ಲಘಟ್ಟದ ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಪಕ್ಕ ಕೂತಿದ್ದ ಸರ್ವೆ ಗುಮಾಸ್ತರೊಬ್ಬರು ಭರ್ತಿಯಾದ ಫಾರಂಗಳನ್ನು ಜೋಡಿಸುತ್ತಿದ್ದರು. ಕೆಳಗೆ ಗಂಟು ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ಅವರೇ ಮಾತಾಡಿಸಿದರು.

"ಯಾವೂರಮ್ಮ?"

"ದಿಬ್ಬೂರಹಳ್ಳಿ, ಸ್ವಾಮಿ. ಕಲ್ಲು ಒಡೆಯೋ ಕೆಲ್ಸಕ್ಕೆ ನಂದಿ ಕಡೆ ಹೊಂಟಿದ್ದೀನಿ."

"ನೆನ್ನೆ ನಿಮ್ಮೂರಲ್ಲೇ ಇದ್ದೆ. ಜನ ಏನು ಉಣ್ತಾರೆ ಅಂತ ಸರ್ಕಾರಕ್ಕೆ ತಿಳೀಬೇಕಲ್ಲ. ಚೀಟಿ ಎತ್ತಿದಂಗೆ ಹತ್ತು ಮನೆ ಆರಿಸ್ಕೊಂಡು ಕೇಳ್ತೀವಿ."

"ಯಾರ್ಯಾರ ಮನೆ ಬಂತು?"

"ಬೇವಿನ ಮರದ ಎದುರಿಗಿನ ಮನೆ ಬಂದಿತ್ತು. ಬೀಗ ಹಾಕಿತ್ತು."

"ಅದು ನಮ್ದೇ. ನೆನ್ನೆ ಬೆಳಿಗ್ಗೇನೇ ಹೊರಟೆ, ನಡ್ಕೊಂಡು."

"ಬೀಗ ಇದ್ರೆ ಪಕ್ಕದ ಮನೆಗೆ ಹೋಗು ಅಂತ ರೂಲ್ಸು. ಅಂಗಡಿ ಬಚ್ಚಪ್ಪನೋರನ್ನ ಕೇಳಿ ಬರ್ಕೊಂಡೆ."

"ಏನಂದ್ರು?"

"ಎರಡು ಹೊತ್ತೂ ಮುದ್ದೆ, ಹುರುಳಿ ಸಾರು, ಮಜ್ಜಿಗೆ."

"ಅವ್ರು ಉಣ್ತಾರೆ, ಸುಳ್ಳಲ್ಲ. ಊರಲ್ಲಿ ಇನ್ನೆಷ್ಟು ಬೀಗ ಸಿಕ್ತು ಸ್ವಾಮಿ?"

"ಹತ್ತರಲ್ಲಿ ಆರು."

"ಅದನ್ನ ಬರ್ದ್ರಾ?"

"ಅದಕ್ಕೆ ಜಾಗ ಇಲ್ಲಮ್ಮ. ಪಕ್ಕದ ಮನೆಗಳಲ್ಲಿ ಕೇಳಿ ಹತ್ತೂ ತುಂಬಿಸಿದ್ದೀನಿ."

"ನಮ್ದು ಈಗ ಬರ್ಕೊಳ್ಳಿ. ಇಲ್ಲೇ ಇದ್ದೀನಲ್ಲ."

"ಸ್ಟೇಷನ್ನಲ್ಲಿ ಬರ್ಕೊಳ್ಳಂಗಿಲ್ಲ. ಮನೇಲಿ ಇರೋರನ್ನೇ ಕೇಳ್ಬೇಕು."

"ಉಣ್ಣಕ್ಕೆ ಇದ್ದಿದ್ರೆ ಮನೇಲೇ ಇರ್ತಿದ್ವಿ, ಸ್ವಾಮಿ."

ಗುಮಾಸ್ತರು ಫಾರಂಗಳಿಗೆ ದಾರ ಕಟ್ಟಿದರು. ರೈಲು ಬಂತು. ಆಕೆ ಗಂಟು ಹೊತ್ತು ಹತ್ತಿದಳು. ಹಿಂದಿನ ದಿನ ಏನು ಉಂಡಿದ್ದಳೆಂದು ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ.