ನೋಟ್‌ಬುಕ್ಕಿನ ಬೈಂಡು

ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬಿತ್ತು.

"ಅತ್ತೆ, ನೀವು ಕಟ್ಟಿದ ಕಂಪ್ಯೂಟರ್ ಭಾಷೆಯ ಸೋರ್ಸ್ ಕೋಡ್ ಸಿಕ್ತು."

"ಎಲ್ಲಿ? ನಾನಿದ್ದ ಆಫೀಸೇ ಮುಚ್ಚಿ ಹೋಯ್ತಲ್ಲ."

"ನಮ್ಮ ಅಟ್ಟದಲ್ಲೇ. ಆ ಕೋಡ್ ಪ್ರಿಂಟ್ ಆಗಿದ್ದ ಹಾಳೇಲಿ ನಿಮ್ಮ ಮಗನ ಶಾಲೆ ಪುಸ್ತಕಕ್ಕೆಲ್ಲ ಬೈಂಡ್ ಹಾಕಿದ್ರಿ."

"ಕಾಗದ ಗಟ್ಟಿ ಇತ್ತು ಕಣೇ."

"ನಲವತ್ತು ಬೈಂಡ್ ಬಿಚ್ಚಿ, ಪುಟ ಜೋಡಿಸಿ, ಟೈಪ್ ಮಾಡ್ದೆ. ನಿನ್ನೆ ಕೆಲಸ ಮಾಡ್ತು. ಭಾಗಾಕಾರದಲ್ಲಿ ಒಂದು ತಪ್ಪಿತ್ತು, ತಿದ್ದಿದೀನಿ."

ಅತ್ತೆಯ ಕೋಲು ನೆಲಕ್ಕೆ ಒಮ್ಮೆ ಕುಟ್ಟಿತು.

"ಸೊನ್ನೆಯಿಂದ ಭಾಗಿಸಿದ್ರೆ ಇನ್ನೊಂದು ಸಂಖ್ಯೆ ಕೊಡಿ ಅನ್ನುತ್ತಲ್ಲ, ಅದಾ?"

"ಹೂಂ."

"ಅದು ತಪ್ಪಲ್ಲ. ಮಿಕ್ಕ ಭಾಷೆಗಳೆಲ್ಲ ಅಲ್ಲೇ ಕೈಚೆಲ್ಲಿ ಕೂರ್ತಿದ್ವು. ನಂದು ಕೂರ್ತಿರಲಿಲ್ಲ. ಮೊದಲಿದ್ದ ಹಾಗೇ ಇಡು."

ನರ್ಸ್ ಕರೆದಳು. ಕೋಲಿನ ಸದ್ದು ಠಕಠಕನೆ ಮುಂದೆ ನಡೆಯಿತು. ಸೊಸೆಯ ಚಪ್ಪಲಿ ಅದರ ಹಿಂದೆ ಓಡಿತು.