ಕುರ್ಚಿಯ ಸುತ್ತ

ಆಸ್ಟ್ರೇಲಿಯಾದ ಹೋಬಾರ್ಟಿನ ಸಸಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಅವಳ ಕೈಯಲ್ಲಿ ಸೊಪ್ಪಿನ ಸಸಿಗಳ ತಟ್ಟೆಯಿತ್ತು.

“ಪರ್ಮಾಕಲ್ಚರ್ ಅಂದ್ರೆ ಪ್ರಕೃತಿ ನಡೆಯೋ ಹಾಗೇ ತೋಟ ಮಾಡೋದು, ನೆಡೋಕೆ ಮುಂಚೆ ಒಂದು ವರ್ಷ ಜಾಗ ನೋಡ್ಬೇಕು ಮೆರಿನ್,” ಅಂದ ಗಂಡ.

“ನೀನು ನೋಡ್ತಾ ನೋಡ್ತಾ ನಮ್ಮ ನಾಯಿಮರಿ ಮುದಿಯಾಯ್ತು ಡಂಕನ್. ಈ ವಸಂತಕ್ಕೂ ನೆಡದಿದ್ರೆ ಜಾಗ ಮಾರಿಬಿಡ್ತೀನಿ.”

“ಗಾಳಿ, ಬಿಸಿಲು, ನೀರು ಎಲ್ಲಾ ನಕ್ಷೆಗೆ ಹಾಕಿದೀನಿ. ಬೆಳೆದಿದ್ದು ಮಾತ್ರ ನನ್ನ ಹೊಟ್ಟೆ.”

“ದಿನಾ ಓಡಾಡೋ ಕಡೆ ಸೊಪ್ಪು ಹಾಕ್ಬೇಕು ಅಂದೋನು ನೀನೇ. ನೀನು ದಿನಾ ಎಲ್ಲಿಗೆ ಹೋಗ್ತೀಯ ಮಹರಾಯ?”



“ಬೇಲಿ ಹತ್ರ ಇರೋ ನನ್ನ ಕುರ್ಚಿಗೆ. ಜಾಗ ನೋಡೋಕೆ.”

“ಸರಿ, ಕುರ್ಚಿ ಸುತ್ತಾನೇ ನೆಡೋಣ.”

“ಮತ್ತೆ ನಕ್ಷೆ?”

“ಅದನ್ನ ಕುರ್ಚಿ ಮೇಲೆ ಕೂರಿಸು. ನೀನು ಕೆಳಗೆ ಕೂತು ಕಳೆ ಕೀಳು.”

ಅವನು ತಟ್ಟೆಯನ್ನು ತನ್ನ ಕೈಗೆ ತೆಗೆದುಕೊಂಡು ಅವಳ ಹಿಂದೆ ನಡೆದ.